1998ರ ಝೆನ್‌ಗೆ ಯಾವ ಇಂಜಿನ್? ಪುಣೆಯಲ್ಲಿ ಇಂಜಿನ್ ಬದಲಿಸೋ ಪ್ಲಾನ್, ಸಲಹೆ ಬೇಕು

ವಾರ್ಜೆ ಝೆನ್

ಎಲ್ಲರಿಗೂ ನಮಸ್ಕಾರ. ಪುಣೆಗೆ ಬಂದು ಹನ್ನೊಂದು ವರ್ಷ ಆಯಿತು. ಇಲ್ಲಿ ಬರೆಯೋದು ಇದೇ ಮೊದಲು, ಯಾಕಂದ್ರೆ ಈ ವಿಷಯ ಮನೆಯಲ್ಲಿ ಯಾರ ಹತ್ತಿರ ಎತ್ತಿದರೂ "ಮಾರಿಬಿಡು" ಅನ್ನೋ ಒಂದೇ ಉತ್ತರ ಬರುತ್ತದೆ.

ಅಪ್ಪ 1998ರಲ್ಲಿ ಧಾರವಾಡದಲ್ಲಿ ತೆಗೆದುಕೊಂಡ ಮಾರುತಿ ಝೆನ್. ಕಾರ್ಬ್ಯುರೇಟರ್ ಗಾಡಿ, 993 ಸಿಸಿ, ಕೆಎ 25 ನಂಬರ್. ನಾನು ಡ್ರೈವಿಂಗ್ ಕಲಿತಿದ್ದು ಇದರಲ್ಲೇ. ಅಪ್ಪನಿಗೆ ಕಣ್ಣು ಮಂಜಾಗಿ ಓಡಿಸೋದು ಬಿಟ್ಟ ಮೇಲೆ, ಎಂಟು ತಿಂಗಳ ಹಿಂದೆ ಇಲ್ಲಿಗೆ ತಂದೆ. ಬಾಡಿ ಗಟ್ಟಿ ಇದೆ, ತುಕ್ಕು ಇಲ್ಲ, ಆರ್‌ಸಿ 2028ರವರೆಗೆ ರಿನ್ಯೂ ಆಗಿದೆ. ಓಡಿರೋದು 2 ಲಕ್ಷ 30 ಸಾವಿರ ಕಿಲೋಮೀಟರ್.

ತೊಂದರೆ ಇಂಜಿನ್‌ದು. ಊರಿಗೆ ಹೋಗುವಾಗ ಖಂಬಾಟಕಿ ಘಾಟ್ ಹತ್ತಬೇಕಲ್ಲ, ಬರುವಾಗ ಟನಲ್ ಇದೆ, ಹೋಗುವಾಗ ಹತ್ತಲೇಬೇಕು. ಮೂರು ಜನ ಕೂತು ಎಸಿ ಹಾಕಿದರೆ ಮೂರನೇ ಗೇರಲ್ಲಿ ಎಳೆಯೋದೇ ಇಲ್ಲ. ಎಸಿ ಆಫ್ ಮಾಡಿ, ಎರಡನೇ ಗೇರಲ್ಲಿ, ಎಡಗಡೆ ಲಾರಿಗಳ ಹಿಂದೆ ಹತ್ತುತ್ತೇನೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ಆಯಿಲ್ ಹಾಕುತ್ತಿದ್ದೇನೆ.

ಇಲ್ಲಿ ಒಬ್ಬ ಮೆಕ್ಯಾನಿಕ್ "ಮಾರುತಿಯದೇ ಎಸ್ಟೀಮ್ ಕಾರಿನ ಇಂಜಿನ್ ಕೂರಿಸಿಬಿಡೋಣ, ಡೈರೆಕ್ಟ್ ಫಿಟ್ಟಿಂಗ್, ಎರಡು ದಿನದ ಕೆಲಸ" ಅಂದರು. ಕೇಳಿ ಖುಷಿಯಾಯಿತು, ಹಿಂದೆಯೇ ಭಯವೂ ಆಯಿತು. ಎರಡು ದಿನದಲ್ಲಿ ಮುಗಿಯೋ ಕೆಲಸಾನಾ ಇದು? ಮಾಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಭೋಸರಿ ಟರ್ನರ್

ಮಾಡಿಸಿದವರಲ್ಲ, ಮಾಡಿದವನೇ ಇದ್ದೇನೆ. ನಮ್ಮದು ವಿಜಯಪುರ ಕಡೆ, ಭೋಸರಿಯಲ್ಲಿ ಲೇಥ್ ಕೆಲಸ, ಇಪ್ಪತ್ತೆರಡು ವರ್ಷ. 2011ರಲ್ಲಿ ನನ್ನ ಝೆನ್‌ಗೆ ಎಸ್ಟೀಮ್ ಇಂಜಿನ್ ಕೂರಿಸಿದ್ದೆ. ಅದರ ಕಥೆ ಆಮೇಲೆ ಬರೆಯುತ್ತೇನೆ, ಉದ್ದ ಇದೆ.

ಮೊದಲು ಒಂದು ಕೇಳುತ್ತೇನೆ ರೀ. ನಿಮ್ಮ ಇಂಜಿನ್ ಸವೆದಿದೆಯೋ, ಅಥವಾ ಸರಿಯಿದ್ದೂ ನಿಮಗೆ ಶಕ್ತಿ ಸಾಲುತ್ತಿಲ್ಲವೋ? ಎರಡೂ ಬೇರೆ ಬೇರೆ ಕಾಯಿಲೆ. ಝೆನ್ ಹೊಸದರಲ್ಲಿ 50 ಬಿಎಚ್‌ಪಿ. ಗಾಡಿಯ ತೂಕ ಎಂಟುನೂರು ಕೆಜಿಗಿಂತ ಕಡಿಮೆ. ಆ ಐವತ್ತರಲ್ಲೇ ಜನ ಮಹಾಬಳೇಶ್ವರ ಹತ್ತಿ ಬಂದಿದ್ದಾರೆ. ನಿಮ್ಮ ಗಾಡಿ ಈಗ ಐವತ್ತು ಕೊಡುತ್ತಿಲ್ಲ, ಹೊಗೆ ನೋಡಿದರೆ ಮೂವತ್ತೈದು ಕೊಡುತ್ತಿದ್ದರೆ ಹೆಚ್ಚು ಅನ್ನಿಸುತ್ತದೆ.

ಹಾಗಾಗಿ ಮೊದಲು ಕಂಪ್ರೆಶನ್ ನೋಡಿಸಿ, ಅಂದ್ರೆ ಒಂದೊಂದು ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಅಂತ. ಇಂಜಿನ್ ಬಿಸಿ ಇರಬೇಕು. ನಾಲ್ಕೂ ಪ್ಲಗ್ ಬಿಚ್ಚಬೇಕು, ಒಂದನ್ನೇ ಅಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು, ಗೇಜಿನ ಮುಳ್ಳು ಮೇಲೆ ನಿಲ್ಲೋವರೆಗೆ. ಬ್ಯಾಟರಿ ಸೋತಿದ್ದರೆ ರೀಡಿಂಗ್ ಸುಳ್ಳು ಬರುತ್ತದೆ. ಈ ಜಿ ಸರಣಿಯ ಇಂಜಿನ್ ಆರೋಗ್ಯವಾಗಿದ್ದರೆ 190ರಿಂದ 200 ಪಿಎಸ್ಐ ತೋರಿಸುತ್ತದೆ. 170ಕ್ಕಿಂತ ಇಳಿದರೆ ಕೆಲಸಕ್ಕೆ ಬಂದಿದೆ ಅಂತ ಅರ್ಥ. ನಾಲ್ಕು ಸಿಲಿಂಡರ್ ನಡುವೆ ವ್ಯತ್ಯಾಸ 14–15ರ ಒಳಗೆ ಇರಬೇಕು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿ. ಮುಳ್ಳು ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕೂರುತ್ತಿಲ್ಲ.

ಈ ನಾಲ್ಕು ನಂಬರ್ ಬರೆದು ಹಾಕಿ. ಆಮೇಲೆ ಯಾವ ಇಂಜಿನ್ ಅಂತ ಮಾತಾಡೋಣ.

ಸ್ವಿಫ್ಟ್ ಹುಡುಗ ಹಿಂಜವಡಿ

ಗುರು, ಎಸ್ಟೀಮ್ ಯಾಕೆ? 1.3 ಮಲ್ಟಿಜೆಟ್ ಡೀಸೆಲ್ ಹಾಕಿಸಿ. ಸ್ವಿಫ್ಟ್‌ನಲ್ಲಿ 75 ಪಿಎಸ್, 190 ಎನ್ಎಂ ಟಾರ್ಕ್. ನಿಮ್ಮ ಘಾಟ್ ಐದನೇ ಗೇರಲ್ಲಿ ಹತ್ತುತ್ತದೆ. ಗುಜರಿಯಲ್ಲಿ ಬೇಕಾದಷ್ಟು ಸಿಗುತ್ತವೆ.

ಭೋಸರಿ ಟರ್ನರ್

ತಮ್ಮಾ, ಉತ್ಸಾಹ ಒಳ್ಳೇದು, ಆದರೆ ಲೆಕ್ಕ ಹಾಕು. ಆ ಡೀಸೆಲ್ ಇಂಜಿನ್ ಝೆನ್ ಮೂತಿಗೆ ತುಂಬಾ ಭಾರ. ಮುಂದಿನ ಸ್ಪ್ರಿಂಗ್, ಬ್ರೇಕು, ಸ್ಟೇರಿಂಗ್ ಎಲ್ಲ ಬದಲಾಗಬೇಕು. ಇಂಜಿನ್ ಕೂರೋ ಮೌಂಟ್ ಹೊಸದಾಗಿ ವೆಲ್ಡ್ ಮಾಡಬೇಕು, ಇಂಟರ್‌ಕೂಲರಿಗೆ ಜಾಗ ಹುಡುಕಬೇಕು, ಡ್ರೈವ್ ಶಾಫ್ಟ್ ಒಂದು ಕಡೆ ಸ್ವಿಫ್ಟ್‌ದು ಒಂದು ಕಡೆ ಝೆನ್‌ದು ಸೇರಿಸಿ ಮಾಡಿಸಬೇಕು. ಆರ್‌ಸಿಯಲ್ಲಿ ಪೆಟ್ರೋಲ್ ಅಂತಿದೆ, ಅದು ಬೇರೆ. ಝೆನ್‌ಗೆ ಡೀಸೆಲ್ ಬೇಕು ಅಂತ ಕಂಪನಿಯೇ ಒಂದು ಕಾಲದಲ್ಲಿ ಪ್ಯೂಜೋದ 1527 ಸಿಸಿ ಇಂಜಿನ್ ಹಾಕಿ ಮಾರಿತ್ತು. ಅವರು ಅದಕ್ಕೆ ಬೇಕಾದ ಮೌಂಟು, ಸ್ಪ್ರಿಂಗು ಎಲ್ಲ ಫ್ಯಾಕ್ಟರಿಯಲ್ಲೇ ಮಾಡಿದ್ದರು. ಗ್ಯಾರೇಜಿನಲ್ಲಿ ನಾವು ಅದನ್ನು ಅಂದಾಜಿನಲ್ಲಿ ಮಾಡಬೇಕಾಗುತ್ತದೆ.

ಇಂಜಿನ್ ಆರಿಸುವಾಗ ನನ್ನ ಮೊದಲ ನಿಯಮ, ಅದೇ ಮನೆತನದ ಇಂಜಿನ್ ನೋಡು. ಒಂದೇ ಮನೆತನ ಅಂದ್ರೆ ಗೇರ್‌ಬಾಕ್ಸ್ ಜೊತೆ ಸೇರೋ ಬೆಲ್ ಹೌಸಿಂಗ್ ಕೂರುತ್ತದೆ, ಮೌಂಟ್ ಕೂರುತ್ತದೆ, ಉಳಿದದ್ದು ಸಣ್ಣ ಕೆಲಸ.

ಕುರ್ಲಾ ಟು ಕುಂದಾಪುರ

ಮುಂಬೈಯಿಂದ ನಮಸ್ಕಾರ. ಡೀಸೆಲ್ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಪದ್ಮಿನಿ ಕಾರು ತಯಾರಾಗುತ್ತಿದ್ದದ್ದು ಇಲ್ಲೇ ಕುರ್ಲಾದಲ್ಲಿ. ನನ್ನ ಮಾವ ಕಾಳಿ ಪೀಲಿ ಪದ್ಮಿನಿ ಟ್ಯಾಕ್ಸಿ ಓಡಿಸುತ್ತಿದ್ದರು, 1089 ಸಿಸಿ ಪೆಟ್ರೋಲ್. ಆ ಕಾಲದಲ್ಲಿ ಅದನ್ನು ತೆಗೆದು ಡೀಸೆಲ್ ಇಂಜಿನ್ ಕೂರಿಸಿದವರು ನಮ್ಮ ಓಣಿಯಲ್ಲೇ ಹಲವರು. ಆ ಮೇಸ್ತ್ರಿಗಳ ಕೈ ನೋಡಿದ್ದೇನೆ. ಆದರೆ ಡೀಸೆಲ್ ಕೂರಿಸಿದ ಗಾಡಿಯ ಮುಂದಿನ ಕ್ರಾಸ್ ಮೆಂಬರ್, ಅಂದ್ರೆ ಅಡ್ಡ ತೊಲೆ, ಎರಡು ಮೂರು ವರ್ಷದಲ್ಲಿ ಬಿರುಕು ಬಿಡುತ್ತಿತ್ತು, ಮತ್ತೆ ವೆಲ್ಡಿಂಗ್, ಮತ್ತೆ ಬಿರುಕು. ಮಾವ ಕೊನೆವರೆಗೂ ಪೆಟ್ರೋಲ್ ಇಂಜಿನ್ನೇ ಇಟ್ಟುಕೊಂಡರು, ಸವೆದ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಿ ಮಾಡಿಸಿ. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಹೋದಾಗ ಅವರು ಇರಲಿಲ್ಲ. ಇದ್ದಿದ್ದರೆ ಅವತ್ತು ಊಟ ಮಾಡುತ್ತಿರಲಿಲ್ಲ.

ಇಂಜಿನ್ ಬೇಕಿದ್ದರೆ ಕುರ್ಲಾ ಸಿಎಸ್‌ಟಿ ರೋಡಿನಲ್ಲಿ ಹುಡುಕಬಹುದು. ಬೇಕಾದರೆ ಜೊತೆಗೆ ಬರುತ್ತೇನೆ.

ವಾರ್ಜೆ ಝೆನ್

ನಿನ್ನೆ ಕಂಪ್ರೆಶನ್ ನೋಡಿಸಿದೆ, ನಾನೇ ಪಕ್ಕದಲ್ಲಿ ನಿಂತಿದ್ದೆ. ಒಂದು 148, ಎರಡು 145, ಮೂರು 150, ನಾಲ್ಕು 105. ನಾಲ್ಕನೆಯದಕ್ಕೆ ಆಯಿಲ್ ಹಾಕಿದಾಗ 140ಕ್ಕೆ ಏರಿತು. ಪ್ಲಗ್ಗುಗಳಲ್ಲಿ ನಾಲ್ಕನೆಯದು ಒದ್ದೆ, ಕಪ್ಪಗೆ, ಬೆರಳಿಗೆ ಜಿಗುಟು ಹತ್ತಿತು. ಅಂದ್ರೆ ರಿಂಗ್, ಅಲ್ವಾ?

ಭೋಸರಿ ಟರ್ನರ್

ರಿಂಗು, ಬೋರು ಎರಡೂ. ನಿಮ್ಮ ಇಂಜಿನ್ ಬದುಕಿದೆ, ಆದರೆ ದಣಿದಿದೆ. ಈಗ ನಿಮ್ಮ ಮುಂದೆ ಮೂರು ದಾರಿ. ಇದೇ ಬ್ಲಾಕ್ ಬೋರ್ ಮಾಡಿಸಿ 0.25 ಅಥವಾ 0.50 ಮಿಲಿ ದೊಡ್ಡದಾದ ಓವರ್‌ಸೈಜ್ ಪಿಸ್ಟನ್ ಹಾಕೋದು. ಎಸ್ಟೀಮ್‌ನ 1298 ಸಿಸಿ. ಇನ್ನೊಂದು ಇದೆ, ಅದನ್ನು ರಾತ್ರಿ ಬರೆಯುತ್ತೇನೆ. ಈಗ ಶಿಫ್ಟ್ ಇದೆ.

ಹಡಪ್ಸರ್ ಅಕ್ಕ

ಇಂಜಿನ್ ವಿಷಯ ನನಗೆ ಗೊತ್ತಿಲ್ಲ, ಆದರೆ ಇನ್ಶೂರೆನ್ಸ್ ಕ್ಲೇಮ್ ವಿಭಾಗದಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಎಲ್ಲರೂ ಬಿಎಚ್‌ಪಿ ಬಗ್ಗೆ ಮಾತಾಡುತ್ತಿದ್ದೀರಿ, ಕಾಗದದ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಅದಕ್ಕೇ ಬರೆಯಲೇಬೇಕು ಅನ್ನಿಸಿತು.

ಮೋಟಾರು ವಾಹನ ಕಾಯ್ದೆ 1988, ಕಲಂ 52. ತಯಾರಕರು ಕೊಟ್ಟ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರೋ ಹಾಗೆ ಮಾಲೀಕ ಗಾಡಿಯನ್ನು ಬದಲಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಕೇಸಿನಲ್ಲಿ ಇದನ್ನೇ ಗಟ್ಟಿ ಮಾಡಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಶಿಕ್ಷೆಯನ್ನೂ ಸೇರಿಸಿದರು. ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಗಾಡಿ ಮೇಲೆ ಸಾಲ ಇದ್ದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯೂ ಬೇಕು.

ಇನ್ನು ಇನ್ಶೂರೆನ್ಸ್. ಥರ್ಡ್ ಪಾರ್ಟಿ ಪ್ರೀಮಿಯಂ ಸಿಸಿ ಮೇಲೆ ನಿಂತಿದೆ. 1000 ಸಿಸಿವರೆಗೆ ಒಂದು ದರ, 1000ದಿಂದ 1500ರವರೆಗೆ ಇನ್ನೊಂದು. 2022ರ ಜೂನ್‌ನಲ್ಲಿ ಬಂದ ದರದಲ್ಲಿ ಮೊದಲನೆಯದು 2,094, ಎರಡನೆಯದು 3,416. ನಿಮ್ಮ ಝೆನ್ 993 ಸಿಸಿ ಅಂತ ಪಾಲಿಸಿಯಲ್ಲಿದೆ. ಒಳಗೆ 1298 ಇಟ್ಟುಕೊಂಡು ಸುಮ್ನೆ ಓಡಿಸಿದರೆ ಸಾವಿರ ಚಿಲ್ಲರೆ ರೂಪಾಯಿ ಉಳಿಯುತ್ತೆ ಅಂತ ಅಂದುಕೊಳ್ಳಬೇಡಿ. ಅಪಘಾತ ಆದ ದಿನ ಸರ್ವೇಯರ್ ಮೊದಲು ನೋಡೋದು ಚಾಸಿಸ್ ನಂಬರ್, ಇಂಜಿನ್ ನಂಬರ್. ಅದು ಆರ್‌ಸಿಗೆ ಹೊಂದದಿದ್ದರೆ ನಿಮ್ಮ ಗಾಡಿಯ ರಿಪೇರಿ ದುಡ್ಡಂತೂ ಅಲ್ಲೇ ನಿಲ್ಲುತ್ತದೆ. ಎದುರಿಗಿದ್ದವರಿಗೆ ಪೆಟ್ಟಾಗಿದ್ದರೆ ಕಂಪನಿ ಅವರಿಗೆ ಕೊಟ್ಟು ನಿಮ್ಮಿಂದ ವಸೂಲಿಗೆ ನಿಲ್ಲಬಹುದು. ಅಂಥ ಮನೆಗಳನ್ನು ನೋಡಿದ್ದೇನೆ. ಮನೆ ಮಾರಿದವರನ್ನೂ ನೋಡಿದ್ದೇನೆ.

ಇನ್ನೊಂದು ಮಾತು, ಇದನ್ನು ಕೈಮುಗಿದು ಹೇಳುತ್ತೇನೆ. ಕೆಲವರು "ಹಳೇ ನಂಬರನ್ನೇ ಹೊಸ ಬ್ಲಾಕ್ ಮೇಲೆ ಹೊಡೆದುಕೊಡ್ತೀವಿ" ಅನ್ನುತ್ತಾರೆ. ದಯವಿಟ್ಟು ಬೇಡ. ಅದು ಅಪರಾಧ. ಕದ್ದ ಗಾಡಿ ಅಂತ ನಿಮ್ಮನ್ನೇ ಹಿಡಿಯುತ್ತಾರೆ.

ವಾರ್ಜೆ ಝೆನ್

ಅಕ್ಕ, ಓದಿ ಎದೆ ಭಾರ ಆಯಿತು. ಆದರೆ ಈಗ ಹೇಳಿದ್ದೇ ಒಳ್ಳೇದಾಯಿತು. ಹಾಗಾದ್ರೆ ಇಂಜಿನ್ ಬದಲಿಸೋ ಆಸೆ ಬಿಟ್ಟುಬಿಡಬೇಕಾ?

ಭೋಸರಿ ಟರ್ನರ್

ಬಿಡಬೇಡಿ. ಈಗ ಕೂತು ಬರೆಯುತ್ತೇನೆ, ಅಕ್ಕ ಹೇಳಿದ್ದು ನನ್ನ ಮಾತಿಗೂ ಸೇರುತ್ತದೆ.

ಮೊದಲು ನನ್ನ ಎಸ್ಟೀಮ್ ಕಥೆ. ಝೆನ್‌ನ ಜಿ10ಬಿ ಮತ್ತು ಎಸ್ಟೀಮ್‌ನ ಜಿ13 ಅಣ್ಣ ತಮ್ಮಂದಿರು. ಝೆನ್‌ದು ಬೋರ್ (ಸಿಲಿಂಡರಿನ ಅಗಲ) 72, ಸ್ಟ್ರೋಕ್ (ಪಿಸ್ಟನ್ ಓಡೋ ದೂರ) 61 ಮಿಲಿಮೀಟರ್. ಎಸ್ಟೀಮ್‌ದು 74 ಮತ್ತು 75.5. ಸ್ಟ್ರೋಕ್ ನೋಡಿ, ಹದಿನಾಲ್ಕೂವರೆ ಮಿಲಿ ಜಾಸ್ತಿ. ಘಾಟ್‌ನಲ್ಲಿ ಕೆಳಗಿನ ಆರ್‌ಪಿಎಂನಲ್ಲಿ ಎಳೆಯೋದು ಅಲ್ಲಿಂದಲೇ ಬರೋದು. ಎಂಪಿಎಫ್‌ಐ ಎಸ್ಟೀಮ್, ಅಂದ್ರೆ ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸೋದು, 85 ಬಿಎಚ್‌ಪಿ. ಝೆನ್ ತೂಕಕ್ಕೆ 85 ಅಂದ್ರೆ ಗಾಡಿ ಹಾರುತ್ತದೆ, ಅದು ಸುಳ್ಳಲ್ಲ. ನಿಮ್ಮ ಮೆಕ್ಯಾನಿಕ್ ಹೇಳಿದಂತೆ ಇಂಜಿನ್ ಕೂರಿಸೋದು ಎರಡು ದಿನದ ಕೆಲಸ, ಅದೂ ಸುಳ್ಳಲ್ಲ. ನಾನೂ ಶನಿವಾರ ಬೆಳಿಗ್ಗೆ ಚೈನ್ ಬ್ಲಾಕ್ ಹಾಕಿ ಭಾನುವಾರ ಸಂಜೆ ಇಂಜಿನ್ ಕೂರಿಸಿದ್ದೆ.

ಆಮೇಲೆ ಎರಡು ತಿಂಗಳು ಗಾಡಿ ನಿಂತಿತ್ತು. ನಂದು ಕಾರ್ಬ್ಯುರೇಟರ್ ಝೆನ್, ಕೂರಿಸಿದ್ದು ಎಂಪಿಎಫ್‌ಐ ಇಂಜಿನ್. ಕಾರ್ಬ್ಯುರೇಟರಿಗೆ ಇಂಜಿನ್ ಮೇಲಿನ ಪಂಪು ಸಾಕು, ಒತ್ತಡ ತುಂಬಾ ಕಡಿಮೆ. ಎಂಪಿಎಫ್‌ಐಗೆ ಟ್ಯಾಂಕಿನ ಒಳಗೇ ಕರೆಂಟ್ ಪಂಪ್ ಬೇಕು, ಎರಡೂವರೆ ಮೂರು ಬಾರ್ ಒತ್ತಡ ಬೇಕು, ವಾಪಸ್ ಬರೋ ಲೈನ್ ಬೇಕು. ನಾನು ಹೊರಗಡೆ ಒಂದು ಪಂಪ್ ಕಟ್ಟಿ ಹಳೇ ಟ್ಯಾಂಕನ್ನೇ ಬಿಟ್ಟೆ. ಕಾಲು ಟ್ಯಾಂಕ್ ಪೆಟ್ರೋಲ್ ಇದ್ದಾಗ ಜೋರಾಗಿ ತಿರುವು ತಗೊಂಡರೆ ಪೆಟ್ರೋಲ್ ಒಂದು ಮೂಲೆಗೆ ಹೋಗಿ ಪಂಪ್ ಗಾಳಿ ಎಳೆಯುತ್ತಿತ್ತು, ಇಂಜಿನ್ ಆಫ್. ತಿರುವಿನ ಮಧ್ಯೆ! ವೈರಿಂಗ್ ಅಂತೂ ಹೇಳಬೇಡಿ. ಗುಜರಿಯವನು ಇಂಜಿನ್ ಬಿಚ್ಚುವಾಗ ಹಾರ್ನೆಸ್, ಅಂದ್ರೆ ತಂತಿಗಳ ಕಟ್ಟು, ಕತ್ತರಿಸಿದ್ದ. ಕತ್ತರಿಸಿದ ತಂತಿಗಳನ್ನು ಒಂದೊಂದಾಗಿ ಮೀಟರ್ ಹಿಡಿದು ಹುಡುಕಿ ಬೆಸುಗೆ ಹಾಕಿದೆ, ಮಳೆಗಾಲ ಬಂದಾಗ ಅದರಲ್ಲಿ ಮೂರು ಜಾಯಿಂಟ್ ಹಸಿರು ಬಿಟ್ಟವು.

ಮತ್ತೆ ಬ್ರೇಕ್. ಇದು ನನಗೆ ಇವತ್ತಿಗೂ ನೆನಪು. ಗಾಡಿ ರೆಡಿಯಾದ ಮೇಲೆ ಕಾತ್ರಜ್ ಘಾಟ್ ಇಳಿಯುತ್ತಿದ್ದೆ, ಮಗಳು ಹಿಂದೆ ಕೂತಿದ್ದಳು, ಆಗ ಆರು ವರ್ಷ. ಇಂಜಿನ್ ಎಸ್ಟೀಮ್‌ದು, ಬ್ರೇಕು ಝೆನ್‌ದೇ, ಟೈರು 145/70 ಆರ್13, ತೆಳ್ಳಗೆ. ನಾಲ್ಕನೇ ತಿರುವಿನಲ್ಲಿ ಪೆಡಲ್ ಮೆತ್ತಗಾಯಿತು. ಐದನೆಯದರಲ್ಲಿ ಸುಟ್ಟ ವಾಸನೆ. ಆರನೆಯದರಲ್ಲಿ ಪೆಡಲ್ ನೆಲಕ್ಕೆ ಹೋಯಿತು. ಎರಡನೇ ಗೇರಿಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಗುಡ್ಡದ ಕಡೆ ಮಣ್ಣಿಗೆ ಹತ್ತಿಸಿ ನಿಲ್ಲಿಸಿದೆ. ಮಗಳು "ಅಪ್ಪಾ, ಯಾಕೆ ನಿಂತೆ" ಅಂತ ಕೇಳಿದಳು. ಕೈ ನಡುಗುತ್ತಿತ್ತು, ಉತ್ತರ ಕೊಡೋಕೆ ಆಗಲಿಲ್ಲ. ಮಾರನೇ ವಾರ ಎಸ್ಟೀಮ್ ಡಿಸ್ಕ್, ಕ್ಯಾಲಿಪರ್, ಅಗಲದ ಟೈರು ಎಲ್ಲ ತಂದೆ. ಲೆಕ್ಕ ನೋಡಿದರೆ ಇಂಜಿನ್‌ಗೆ ಕೊಟ್ಟ ದುಡ್ಡಿನ ಎರಡೂವರೆ ಪಟ್ಟು ಉಳಿದದ್ದಕ್ಕೇ ಹೋಗಿತ್ತು.

ಆ ಗಾಡಿಯನ್ನು ಎರಡೇ ವರ್ಷದಲ್ಲಿ ತೆಗೆದೆ. ಕಾಗದ ಹೊಂದುತ್ತಿರಲಿಲ್ಲ, ಅಕ್ಕ ಹೇಳಿದ ಅದೇ ಕಥೆ. ಪ್ರತಿ ಪೊಲೀಸ್ ಕೈ ಎತ್ತಿದಾಗ ಹೊಟ್ಟೆ ಕಿವುಚುತ್ತಿತ್ತು.

ಈಗ ನಿಮ್ಮ ಮೂರನೇ ದಾರಿ. 2000ದ ಹೊತ್ತಿಗೆ ಝೆನ್‌ಗೇ ಎಂಪಿಎಫ್‌ಐ ಬಂತಲ್ಲ, 16 ವಾಲ್ವ್. ಅದೇ 993 ಸಿಸಿ, ಅದೇ ಜಿ10 ಮನೆತನ, 60 ಬಿಎಚ್‌ಪಿ. ನಿಮ್ಮ ಬಾಡಿಯೂ ಅದೇ, ಹಾಗಾಗಿ ಅದರ ಟ್ಯಾಂಕ್ ನಿಮ್ಮ ಗಾಡಿಯ ಕೆಳಗೆ ಕೂರುತ್ತದೆ, ಒಳಗೆ ಪಂಪ್ ಸಮೇತ. ಹಾರ್ನೆಸ್ ಕೂರುತ್ತದೆ. ಕಾಗದದಲ್ಲಿ ಸಿಸಿ ಬದಲಾಗೋದಿಲ್ಲ, ಕಂಪನಿ ಅದೇ, ಮಾಡೆಲ್ ಅದೇ, ಪೆಟ್ರೋಲ್ ಅದೇ. 50ರಿಂದ 60 ಅಂದ್ರೆ ಐದರಲ್ಲಿ ಒಂದು ಪಾಲು ಜಾಸ್ತಿ, ಆದರೆ ನೀವು ಈಗ ಓಡಿಸುತ್ತಿರೋದು ಸವೆದ ಇಂಜಿನ್. ನಿಮ್ಮ ಕಾಲಿಗೆ ಅದು ಹೆಚ್ಚುಕಡಿಮೆ ಎರಡು ಪಟ್ಟು ಅನ್ನಿಸುತ್ತದೆ. ಮತ್ತೆ ನಿಮ್ಮ ಬ್ರೇಕು ಆ ಶಕ್ತಿಗೆ ಕಂಪನಿಯೇ ಕೊಟ್ಟ ಅಳತೆಗೆ ಹತ್ತಿರ ಇರುತ್ತದೆ.

ಎಸ್ಟೀಮ್ ಕೂರಿಸಿ ಎರಡು ವರ್ಷ ಓಡಿಸಿದವನು ಹೇಳುತ್ತಿದ್ದೇನೆ. ಊರಿಗೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗೋ ಗಾಡಿಗೆ ಇದೇ ಸರಿ.

ಸ್ವಿಫ್ಟ್ ಹುಡುಗ ಹಿಂಜವಡಿ

ಕಾತ್ರಜ್ ಓದಿ ಮೈ ಜುಂ ಅಂತು ಅಣ್ಣ. ನಾನು ಡೀಸೆಲ್ ಮಾತು ವಾಪಸ್ ತಗೊಂಡೆ. ಒಂದು ಡೌಟು, ಎಲೆಕ್ಟ್ರಿಕ್ ಮಾಡಿಸಿದರೆ? ಗಾಡಿ ಪರೀಕ್ಷೆ ಮಾಡೋ ಎಆರ್‌ಎಐ ಸಂಸ್ಥೆ ಪುಣೆಯಲ್ಲೇ ಇದೆಯಲ್ಲ, ಕೊಥ್ರೂಡ್ ಹತ್ತಿರ ವೇತಾಳ ಟೇಕಡಿ ಮೇಲೆ.

ಹಡಪ್ಸರ್ ಅಕ್ಕ

ಅದಕ್ಕೆ ಕಾಯ್ದೆಯಲ್ಲಿ ಜಾಗ ಇದೆ. ಬ್ಯಾಟರಿ, ಸಿಎನ್‌ಜಿ, ಎಲ್‌ಪಿಜಿಗೆ ಕನ್ವರ್ಷನ್ ಕಿಟ್ ಹಾಕಿಸಬಹುದು, ಅನುಮೋದನೆ ಸಿಕ್ಕ ಕಿಟ್ ಆಗಿರಬೇಕು, ಆರ್‌ಸಿಯಲ್ಲಿ ಬರೆಸಬೇಕು. ಆದರೆ ಇವರಿಗೆ ಬೇಕಿರೋದು ಧಾರವಾಡಕ್ಕೆ ಹೋಗೋ ಗಾಡಿ, ನಾನೂರಕ್ಕೂ ಹೆಚ್ಚು ಕಿಲೋಮೀಟರ್. ಸಿಎನ್‌ಜಿ ಹಾಕಿದರೆ ಶಕ್ತಿ ಇನ್ನೂ ಇಳಿಯುತ್ತದೆ, ಡಿಕ್ಕಿಯಲ್ಲಿ ಸಿಲಿಂಡರ್ ತೂಕ, ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್. ಘಾಟ್ ಹತ್ತಲ್ಲ ಅನ್ನೋರಿಗೆ ಅದು ಮದ್ದಲ್ಲ.

ಟರ್ನರ್ ಅಣ್ಣ ಹೇಳಿದ ದಾರಿ ನನಗೆ ಸಮಾಧಾನ ತಂದಿದೆ. ಆದರೂ ಇಂಜಿನ್ ನಂಬರ್ ಬದಲಾಗುತ್ತಲ್ಲ, ಹಾಗಾಗಿ ಅನುಮತಿ ಬೇಕೇ ಬೇಕು. ಅರ್ಜಿಯಲ್ಲಿ ಕಾರ್ಬ್ಯುರೇಟರಿನಿಂದ ಎಂಪಿಎಫ್‌ಐ ಅಂತ ಸ್ಪಷ್ಟವಾಗಿ ಬರೆಯಿರಿ, ಮುಚ್ಚಿಡಬೇಡಿ. ಒಪ್ಪಿಗೆ ಕೈಗೆ ಬರೋವರೆಗೆ ಹಳೇ ಇಂಜಿನ್ ಇಳಿಸಬೇಡಿ. ಒಪ್ಪಿಗೆ ಬರಲಿಲ್ಲ ಅಂದ್ರೆ ನಿಮ್ಮದೇ ಬ್ಲಾಕ್ ಬೋರ್ ಮಾಡಿಸಿ, ಅದಕ್ಕೆ ಯಾರೂ ಬೇಡ ಅನ್ನೋದಿಲ್ಲ.

ಮತ್ತೆ ನಿಮ್ಮ ಗಾಡಿ ಕೆಎ 25. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಅಲ್ಲಿನ ನಂಬರ್ ತಗೋಬೇಕು. ಎಂಟು ತಿಂಗಳು ಆಗಿದೆ ಅಂದಿರಿ, ನಾಲ್ಕು ಉಳಿದಿದೆ. ಮೊದಲು ಧಾರವಾಡದಿಂದ ಎನ್‌ಒಸಿ, ಅದು ಫಾರ್ಮ್ 28. ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕಾಗುತ್ತದೆ. ಆಮೇಲೆ ಇಲ್ಲಿ ಫಾರ್ಮ್ 27 ಹಾಕಿ ಎಂಎಚ್ 12 ಮಾಡಿಸಿ. ಹದಿನೈದು ವರ್ಷ ದಾಟಿದ ಗಾಡಿ, ಹಸಿರು ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಇದೆಲ್ಲ ಹಳೇ ಇಂಜಿನ್ ಇರುವಾಗಲೇ ಮುಗಿಯಬೇಕು. ನಡುವೆ ಇಂಜಿನ್ ಬದಲಿಸಿದರೆ ಇನ್‌ಸ್ಪೆಕ್ಷನ್ ದಿನ ನಂಬರ್ ಹೊಂದಲ್ಲ, ಆಗ ಎರಡು ರಾಜ್ಯದ ನಡುವೆ ಗಾಡಿ ಸಿಕ್ಕಿಹಾಕಿಕೊಳ್ಳುತ್ತದೆ.

ಮಡಗಾಂವ್ ಗ್ಯಾರೇಜ್

ಗೋವಾದಿಂದ ಒಂದೇ ಮಾತು. ಎಂಪಿಎಫ್‌ಐಗೆ ಹೋಗುವಾಗ ಪೆಟ್ರೋಲ್ ಪೈಪ್ ಎಲ್ಲ ಹೊಸದು ಹಾಕಿಸಿ. ಈಗ ಬಂಕಿನಲ್ಲಿ ಬರೋದು ಇ20, ಅದರಲ್ಲಿ ಇಪ್ಪತ್ತು ಭಾಗ ಎಥನಾಲ್. 1998ರ ರಬ್ಬರಿಗೆ ಅದು ಗೊತ್ತೇ ಇಲ್ಲ. ಮೊನ್ನೆ ನನ್ನ ಹತ್ತಿರ ಬಂದ ಒಂದು ಹಳೇ ಗಾಡಿಯ ಪೈಪು ಬೆರಳಲ್ಲಿ ಹಿಚುಕಿದರೆ ಬೆಲ್ಲದ ಪಾಕದ ಹಾಗೆ ಮೆತ್ತಗಿತ್ತು. ಹೊರಗೆ ಚೆನ್ನಾಗಿ ಕಾಣುತ್ತಿತ್ತು. ಮೂರು ಬಾರ್ ಒತ್ತಡದಲ್ಲಿ ಅಂಥ ಪೈಪ್ ಒಡೆದರೆ ಬಿಸಿ ಎಗ್ಸಾಸ್ಟ್ ಮೇಲೆ ಪೆಟ್ರೋಲ್. ಕ್ಲಾಂಪ್ ಕೂಡ ಇಂಜೆಕ್ಷನ್‌ದೇ ತಗೊಳ್ಳಿ, ಸಾಮಾನ್ಯ ಸ್ಕ್ರೂ ಕ್ಲಾಂಪ್ ಪೈಪನ್ನು ಕೊಯ್ಯುತ್ತದೆ.

ಕುರ್ಲಾ ಟು ಕುಂದಾಪುರ

ಹುಡುಕುವಾಗ ಬರೀ ಇಂಜಿನ್ ಕೊಳ್ಳಬೇಡಿ, ಇಡೀ ಗಾಡಿ ನಿಂತಿರೋದು ನೋಡಿ. ಬಿಚ್ಚಿಟ್ಟ ಇಂಜಿನ್‌ನಲ್ಲಿ ಏನಿದೆ ಏನಿಲ್ಲ ದೇವರಿಗೇ ಗೊತ್ತು. ಗಾಡಿಯಲ್ಲೇ ಇದ್ದರೆ ಸ್ಟಾರ್ಟ್ ಮಾಡಿ ಕೇಳಬಹುದು. ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್), ಹಾರ್ನೆಸ್, ಸೆನ್ಸರ್, ಟ್ಯಾಂಕ್, ಎಗ್ಸಾಸ್ಟ್, ಗೇರ್‌ಬಾಕ್ಸ್ ಎಲ್ಲ ಒಂದೇ ಗಾಡಿಯದು ಬರುತ್ತದೆ. ಸರಿಯಾದ ಕೀ ಇಲ್ಲದೆ ಸ್ಟಾರ್ಟ್ ಆಗಲು ಬಿಡದ ಇಮೊಬಿಲೈಸರ್ ಇರೋ ಗಾಡಿಯಾದರೆ ಕೀ ಬಿಡಬೇಡಿ, ಕೀ ಇಲ್ಲದ ಇಸಿಯು ಕಲ್ಲಿಗೆ ಸಮ. ಬಿಲ್ ಮೇಲೆ ಇಂಜಿನ್ ನಂಬರ್ ಬರೆಸಿ, ಆ ಗಾಡಿಯ ಆರ್‌ಸಿ ನಕಲು ಇಸ್ಕೊಳ್ಳಿ. ಕೊಡಲ್ಲ ಅಂದ್ರೆ ಆ ಇಂಜಿನ್ ಎಷ್ಟೇ ಚೆನ್ನಾಗಿದ್ದರೂ ಎದ್ದು ಬನ್ನಿ.

ವಾರ್ಜೆ ಝೆನ್

ಎಲ್ಲರ ಮಾತು ಕಾಗದದಲ್ಲಿ ಬರೆದುಕೊಂಡೆ, ಅಪ್ಪನಿಗೂ ಫೋನಿನಲ್ಲಿ ಓದಿ ಹೇಳಿದೆ. ಅಪ್ಪ ಸುಮಾರು ಹೊತ್ತು ಸುಮ್ಮನಿದ್ದು "993 ಹಾಗೇ ಇರ್ತದಲ್ಲ, ಸಾಕು" ಅಂದರು. ಹಾಗಾಗಿ ನಿರ್ಧಾರ ಆಯಿತು, ಎಂಪಿಎಫ್‌ಐ ಝೆನ್ ಇಂಜಿನ್.

ಎನ್‌ಒಸಿ ಅರ್ಜಿ ಹಾಕಿದ್ದೇನೆ, ಮುಂದಿನ ವಾರ ಧಾರವಾಡ. ಎಂಎಚ್ 12 ಆದ ಮೇಲೆ ಇಂಜಿನ್ ಅನುಮತಿಗೆ ಅರ್ಜಿ. ಆ ಕಾಯೋ ಹೊತ್ತಿನಲ್ಲಿ ಬ್ರೇಕ್ ಕೆಲಸ ಮುಗಿಸುತ್ತೇನೆ: ಡಿಸ್ಕ್, ಪ್ಯಾಡ್, ಹಿಂದಿನ ವ್ಹೀಲ್ ಸಿಲಿಂಡರ್, ಫ್ಲೂಯಿಡ್, ಎಲ್ಲ ಹೊಸದು. ಕಾತ್ರಜ್ ಕಥೆ ಓದಿದ ಮೇಲೆ ಅದನ್ನು ಕೊನೆಗೆ ಇಡೋಕೆ ಮನಸ್ಸು ಬರಲಿಲ್ಲ. ಇಂಜಿನ್ ಹೊರಗಿರುವಾಗ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕ್ಲಚ್ ಪ್ಲೇಟ್, ಹಿಂದಿನ ಆಯಿಲ್ ಸೀಲ್, ಮೂರು ಮೌಂಟ್ ರಬ್ಬರ್ ಬದಲಿಸುತ್ತೇನೆ. ಏನಾದರೂ ಬಿಟ್ಟಿದ್ದೇನಾ?

ಭೋಸರಿ ಟರ್ನರ್

ರೇಡಿಯೇಟರ್ ಬಿಟ್ಟಿರಿ. ಹಳೇ ರೇಡಿಯೇಟರಿಗೆ ಒಳ್ಳೇ ಇಂಜಿನ್ ಜೋಡಿಸಿದರೆ ಖಂಬಾಟಕಿಯಲ್ಲಿ ಗೊತ್ತಾಗುತ್ತದೆ. ಬಿಚ್ಚಿಸಿ ರಾಡ್ ಹೊಡೆಸಿ, ಅಥವಾ ಹೊಸದು ಹಾಕಿ, ಥರ್ಮೋಸ್ಟಾಟ್ ತೆಗೆದು ಎಸೆಯೋಕೆ ಯಾರಿಗೂ ಬಿಡಬೇಡಿ. ಆಮೇಲೆ ಅರ್ಥಿಂಗ್. ಇಂಜಿನ್ನಿಂದ ಬಾಡಿಗೆ ಹೋಗೋ ತಂತಿಯ ಜಾಗ ಉಜ್ಜಿ ಕಬ್ಬಿಣ ಕಾಣೋ ಹಾಗೆ ಮಾಡಿ ಬೋಲ್ಟ್ ಹಾಕಿ. ಇಸಿಯು ಗಾಡಿಯಲ್ಲಿ ಅರ್ಧ ರೋಗ ಅಲ್ಲೇ ಇರುತ್ತದೆ.

ವಾರ್ಜೆ ಝೆನ್

ಐದು ವಾರ ಆಯಿತು, ಸುದ್ದಿ ಹೇಳಬೇಕು. ಎನ್‌ಒಸಿ ಬಂತು, ಇಲ್ಲಿ ಫೈಲ್ ಕೊಟ್ಟಾಯಿತು. ಅನುಮತಿ ಬರೋದಕ್ಕೆ ಮುಂಚೆ ದುಡ್ಡು ಕೊಡಲ್ಲ ಅಂತ ಹೇಳಿಯೇ ಮೊನ್ನೆ ಭಾನುವಾರ ಪಿಂಪ್ರಿ ಕಡೆ ಒಂದು ಎಂಪಿಎಫ್‌ಐ ಝೆನ್ ನೋಡಿ ಬಂದೆ. ಹೊರಗಿನಿಂದ ಹಾಳಾಗಿದೆ, ಹಿಂದೆ ಯಾರೋ ಗುದ್ದಿದ್ದಾರೆ, ಆದರೆ ಬಾನೆಟ್ ಎತ್ತಿದರೆ ಒಂದು ತಂತಿಯೂ ಕತ್ತರಿಸಿಲ್ಲ. ಕೀ ಇದೆ, ಆರ್‌ಸಿ ಇದೆ. ಡಿಪ್‌ಸ್ಟಿಕ್ ಎಳೆದು ನೋಡಿದೆ, ಆಯಿಲ್ ಕಪ್ಪಗಿತ್ತು, ಆದರೆ ಹಾಲಿನ ಬಣ್ಣ ಇರಲಿಲ್ಲ. ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಒಳಗೆ ಜೇನಿನ ಬಣ್ಣ, ಕೆಸರು ಇಲ್ಲ. ಅವರ ಬ್ಯಾಟರಿ ಸತ್ತಿದೆ, ಸ್ಟಾರ್ಟ್ ಮಾಡೋಕೆ ಆಗಲಿಲ್ಲ. ಸ್ಪ್ಯಾನರ್ ಹಾಕಿ ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿದೆ. ಒಂದು ಸುತ್ತಿಗೆ ಎರಡು ಕಡೆ ಬಿಗಿ ಬರುತ್ತದೆ, ಮತ್ತೆ ಬಿಡುತ್ತದೆ, ಎರಡು ಸುತ್ತಿಗೆ ನಾಲ್ಕು ಸಲ, ನಾಲ್ಕೂ ಒಂದೇ ಥರ ಅನ್ನಿಸಿತು. ಕೈಗೆ ಅನ್ನಿಸಿದ್ದನ್ನು ನಂಬಬಹುದಾ?

ಭೋಸರಿ ಟರ್ನರ್

ನಾಲ್ಕು ಸಲ ಬಂದಿದೆ ಅಂದ್ರೆ ನಾಲ್ಕೂ ಗಾಳಿ ಹಿಡಿಯುತ್ತಿದೆ, ಒಳ್ಳೇ ಲಕ್ಷಣ. ಆದರೆ 150 ಮತ್ತು 190ರ ವ್ಯತ್ಯಾಸ ಕೈಗೆ ತಿಳಿಯಲ್ಲ. ಅನುಮತಿ ಬಂದ ದಿನ ಫೋನ್ ಮಾಡಿ, ನಾನು ಗೇಜ್ ತರುತ್ತೇನೆ. ಬ್ಯಾಟರಿಯೂ ನನ್ನದೇ ತರುತ್ತೇನೆ, ಫುಲ್ ಚಾರ್ಜ್ ಮಾಡಿ. ಅಲ್ಲಿವರೆಗೆ ಅವರಿಗೆ ಪ್ಲಗ್ ಬಿಚ್ಚಿ ಇಡಬೇಡಿ ಅಂತ ಹೇಳಿ, ಮಳೆ ನೀರು ಹೋಗುತ್ತದೆ.

ವಾರ್ಜೆ ಝೆನ್

ಹೇಳಿದೆ ಅಣ್ಣ. ಬಾನೆಟ್ ಮೇಲೆ ನಮ್ಮ ಮನೆಯ ಹಳೇ ತಾಡಪತ್ರಿ ಕೂಡ ಕಟ್ಟಿ ಬಂದಿದ್ದೇನೆ.